ಕೊಲ್ಲದ ಬೇಟೆ: ಚೀತಾ, ಚಿಗರಿ ಮತ್ತು ಕ್ಯಾಮೆರಾ

ವನ್ಯಜೀವಿ ಛಾಯಾಗ್ರಹಣ ಹುಟ್ಟಿದ್ದು ಬೇಟೆಗಾರರ ಬಿಡಾರದಲ್ಲಿ. ಇಂಗ್ಲೆಂಡಿನ ಎಡ್ವರ್ಡ್ ನಾರ್ತ್ ಬಕ್ಸ್‌ಟನ್ 1902ರಲ್ಲಿ ತಮ್ಮ ಆಫ್ರಿಕಾ ಪ್ರವಾಸಗಳ ಪುಸ್ತಕ ಪ್ರಕಟಿಸಿ, ಬೇಟೆಗಾರರು ಬಂದೂಕು ಬಿಟ್ಟು ಕ್ಯಾಮೆರಾ ಹಿಡಿಯಬೇಕೆಂದು ಕೇಳಿಕೊಂಡರು. ಅವರೂ ಬೇಟೆಯಾಡಿದವರೇ. ಮೂರು ವರ್ಷಗಳ ನಂತರ ಜರ್ಮನಿಯ ಕಾರ್ಲ್ ಗೇಯೋರ್ಗ್ ಶಿಲ್ಲಿಂಗ್ಸ್ ಪೂರ್ವ ಆಫ್ರಿಕಾದ ರಾತ್ರಿಗಳಲ್ಲಿ ತೆಗೆದ ಸಿಂಹಗಳ ಚಿತ್ರಗಳು ಪುಸ್ತಕವಾಗಿ ಬಂದವು. ಆ ಪುಸ್ತಕದ ಹೆಸರಿನಲ್ಲಿಯೇ ಮಿಂಚುದೀಪ, ಬಂದೂಕು ಎರಡೂ ಜೊತೆಯಾಗಿದ್ದವು. ಭಾರತದಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ಅವರು ಹುಲಿ ನಡೆಯುವ ದಾರಿಯಲ್ಲಿ ತಂತಿ ಕಟ್ಟಿ, ಅದನ್ನು ತುಳಿದ ಹುಲಿಯ ಚಿತ್ರ ತಾನಾಗಿಯೇ ಮೂಡುವಂತೆ ಮಾಡಿದರು. ಆ ಚಿತ್ರಗಳ ಪುಸ್ತಕ 1927ರಲ್ಲಿ ಹೊರಬಂತು. ಅವರ ಪ್ರಭಾವದಿಂದಲೇ ಜಿಮ್ ಕಾರ್ಬೆಟ್ ಕೋವಿಯಿಂದ ಚಲನಚಿತ್ರ ಕ್ಯಾಮೆರಾದ ಕಡೆಗೆ ಹೊರಳಿದರು. ಪೂರ್ಣಚಂದ್ರ ತೇಜಸ್ವಿಯವರ ಮೂಲಕ ರುದ್ರಪ್ರಯಾಗದ ನರಭಕ್ಷಕನ ಕಥೆಯನ್ನು ಓದಿದ ಕನ್ನಡಿಗರಿಗೆ ಕಾರ್ಬೆಟ್ ಬೇಟೆಗಾರರಾಗಿ ಪರಿಚಿತರು. ಆದರೆ ಅವರ ಬಾಳಿನ ಕೊನೆಯ ವರ್ಷಗಳು ಕಳೆದದ್ದು ಕೆನ್ಯಾದ ನ್ಯೇರಿಯಲ್ಲಿ. 1955ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಬಾಗಿಲು ಹಾಕಿತು. ಕೆನ್ಯಾ 1977ರಲ್ಲಿ ವಿನೋದದ ಬೇಟೆಯನ್ನು ಪೂರ್ತಿ ನಿಷೇಧಿಸಿತು. ಅದೇ 1977ರಲ್ಲಿ ಪ್ರಕಟವಾದ ತಮ್ಮ ಛಾಯಾಗ್ರಹಣದ ಪ್ರಬಂಧಗಳಲ್ಲಿ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್, ಪೂರ್ವ ಆಫ್ರಿಕಾದ ಸಫಾರಿಯಲ್ಲಿ ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂದಿರುವುದನ್ನು ಗಮನಿಸಿದರು. ಸಾಧನ ಬದಲಾಯಿತು, ಬೆಳಗಿನ ಜಾವಕ್ಕೆ ಏಳುವುದು, ಹೆಜ್ಜೆ ಹಿಡಿಯುವುದು, ಗುರಿಯಿಡುವುದು, ಮನೆಗೆ ತಂದು ಗೋಡೆಗೆ ತೂಗುಹಾಕುವುದು ಮಾತ್ರ ಬದಲಾಗಲಿಲ್ಲ. ಹಾಗಾದರೆ ಕೊಲ್ಲದ ಈ ಬೇಟೆಯಲ್ಲಿ ಹಿಂಸೆ ಇದೆಯೇ? ಇದ್ದರೆ ಎಷ್ಟು, ಯಾರ ಪಾಲಿನದು? ಧರ್ಮಶಾಸ್ತ್ರಗಳು ಕ್ಯಾಮೆರಾವನ್ನು ಕಂಡಿರಲಿಲ್ಲ. ಆದರೆ ಹಿಂಸೆಯನ್ನು ಅವು ಬಹಳ ಸೂಕ್ಷ್ಮವಾಗಿ ಅಳೆದಿವೆ. ಆ ಅಳತೆಗಳಲ್ಲಿ ಕೆಲವು ರೂಪುಗೊಂಡದ್ದೂ ಬಳಕೆಯಾದದ್ದೂ ಇಂದಿನ ಬೀದರ್ ಜಿಲ್ಲೆಯ ನೆಲದಲ್ಲಿ.

ಈ ಸೀಮೆಗೂ ದೊಡ್ಡ ಬೆಕ್ಕುಗಳಿಗೂ ಹಳೆಯ ಸಂಬಂಧವಿದೆ. ಇಂದಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ, 1127ರಿಂದ 1138ರವರೆಗೆ ಆಳಿದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ಅರಸನ ವಿನೋದಗಳಲ್ಲಿ ಬೇಟೆಗೆ ಅದರಲ್ಲಿ ದೊಡ್ಡ ಸ್ಥಾನವಿದೆ. ಪಳಗಿಸಿದ ಚೀತಾವನ್ನು ಜಿಂಕೆಯ ಮೇಲೆ ಬಿಟ್ಟು ಬೇಟೆಯಾಡಿಸುವ ಪದ್ಧತಿಗೆ ಭಾರತದಲ್ಲಿ ಸಿಗುವ ಅತಿ ಹಳೆಯ ದಾಖಲೆಯೆಂದು ವಿದ್ವಾಂಸರು ತೋರಿಸುವುದು ಈ ಗ್ರಂಥವನ್ನೇ. ಚೀತಾ, ಹಳಬರ ಮಾತಿನಲ್ಲಿ ಸಿವಂಗಿ, ದಖನ್ನಿನ ಬಯಲಿನಲ್ಲಿ ಕೃಷ್ಣಮೃಗದ ಬೆನ್ನುಹತ್ತಿ ಓಡುತ್ತಿದ್ದ ಪ್ರಾಣಿ. ಅರಮನೆಗಳು ಅದನ್ನು ಮರಿಯಾಗಿ ಸಾಕದೆ ಕಾಡಿನಿಂದಲೇ ಹಿಡಿದು ತಂದು ಪಳಗಿಸುತ್ತಿದ್ದವು, ಏಕೆಂದರೆ ಸೆರೆಯಲ್ಲಿ ಅದು ಮರಿ ಹಾಕುವುದು ಬಲು ಅಪರೂಪ. ನೋಡುವವರ ಸಂತೋಷಕ್ಕಾಗಿ ಶತಮಾನಗಳ ಕಾಲ ಹೀಗೆ ಹಿಡಿದದ್ದೂ ಅದರ ನಾಶದ ಕಾರಣಗಳಲ್ಲಿ ಒಂದು. 1952ರಲ್ಲಿ ಭಾರತ ಸರ್ಕಾರ ಚೀತಾ ನಿರ್ವಂಶವಾಯಿತೆಂದು ಘೋಷಿಸಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು, 2023ರ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಚೀತಾಗಳನ್ನು ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಲಾಯಿತು.

ಬೀದರ್ ಕೋಟೆಯ ಶರ್ಜಾ ದರ್ವಾಜಾದ ಮೇಲೆ, 1503ರ ಆ ಬಾಗಿಲಲ್ಲಿ, ಎರಡು ವ್ಯಾಘ್ರಗಳು ಇಂದಿಗೂ ನಿಂತಿವೆ. ಜೀವಿಗಳ ರೂಪವನ್ನು ಕೆತ್ತಲು ಹಿಂಜರಿಯುವ ಸಂಪ್ರದಾಯದಲ್ಲಿಯೂ ಶೌರ್ಯದ ಗುರುತಾಗಿ ಆ ರೂಪಕ್ಕೆ ಸ್ಥಳ ಸಿಕ್ಕಿತ್ತು. ಊರ ಹೊರಗಿನ ಗುಡ್ಡದ ಮೇಲಿರುವ ಹಬ್ಶಿ ಕೋಟ್‌ನ ಗೋರಿಗಳು, ಆಫ್ರಿಕಾದಿಂದ ಬಂದು ಬಹಮನಿ ಆಸ್ಥಾನದಲ್ಲಿ ಸರದಾರರಾದವರನ್ನು ನೆನಪಿಸುತ್ತವೆ. ಆಫ್ರಿಕಾದ ಬಯಲೂ ಬೀದರಿನ ಬಯಲೂ ಈ ಚರ್ಚೆಯಲ್ಲಿ ಒಟ್ಟಿಗೆ ಬರುವುದಕ್ಕೆ ಅಷ್ಟರಮಟ್ಟಿಗೆ ಚರಿತ್ರೆಯ ಆಧಾರವೂ ಉಂಟು.

ಕ್ಯಾಮೆರಾ ನಿಜವಾಗಿ ಪ್ರಾಣಿಗೆ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಕೆನ್ಯಾದ ಮಸಾಯಿ ಮಾರಾದಲ್ಲಿ ಸಿಂಹ ಮತ್ತು ಚಿರತೆಗಳು ಹೆಚ್ಚಾಗಿ ಕತ್ತಲೆಯಲ್ಲಿ ಬೇಟೆಯಾಡುತ್ತವೆ. ಚೀತಾ ಹೆಚ್ಚಾಗಿ ಹಗಲಿನಲ್ಲಿ ಬೇಟೆಯಾಡುತ್ತದೆ. ಅದರ ಮೈ ಓಟಕ್ಕೆಂದು ರೂಪುಗೊಂಡದ್ದು. ಸಿಂಹವನ್ನೋ ಕತ್ತೆಕಿರುಬವನ್ನೋ ಎದುರಿಸುವ ಶಕ್ತಿ ಅದಕ್ಕಿಲ್ಲ. ಅವು ಮಲಗಿರುವ ಹೊತ್ತಿನಲ್ಲಿ ಅದು ಬೇಟೆ ಮುಗಿಸಬೇಕು, ಏದುಸಿರು ಇಳಿಯುವವರೆಗೆ ಕಾಯಬೇಕು, ಕಳ್ಳರು ಬರುವ ಮೊದಲು ತಿನ್ನಬೇಕು. ಪ್ರವಾಸಿಗರು ವಾಹನ ಹತ್ತುವುದೂ ಅದೇ ಹಗಲಿನಲ್ಲಿ. ತಾಯಿ ಚೀತಾಗೆ ಮರಿಗಳನ್ನು ಸಾಕಲು ಗಂಡಿನ ನೆರವಿಲ್ಲ, ಸಿಂಹಗಳಿಗಿರುವಂಥ ಹಿಂಡಿನ ಆಸರೆಯೂ ಇಲ್ಲ. ಅದು ಹಕ್ಕಿಯ ಹಾಗೆ ಚಿಲಿಪಿಲಿಗುಟ್ಟಿ ಮರಿಗಳನ್ನು ಕರೆಯುತ್ತದೆ. ಎಂಜಿನ್ನುಗಳ ಗದ್ದಲದಲ್ಲಿ ಆ ದನಿ ಮುಳುಗಿದರೆ, ತಾಯಿ ಮತ್ತು ಮರಿಗಳ ನಡುವೆ ವಾಹನಗಳು ಸಾಲುಗಟ್ಟಿದರೆ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ.

ಇದು ಬರಿಯ ಊಹೆಯಾಗಿ ಉಳಿದಿಲ್ಲ. ವಿಜ್ಞಾನಿ ಫೆಮ್ಕೆ ಬ್ರೂಕ್‌ಹೈಸ್ ಮಾರಾದ ಚೀತಾಗಳನ್ನು ವರ್ಷಗಟ್ಟಲೆ ಅನುಸರಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರವಾಸಿಗರ ದಟ್ಟಣೆ ಹೆಚ್ಚಿದ್ದ ಕಡೆ ಒಂದು ಸೂಲಿನ ಮರಿಗಳಲ್ಲಿ ಬೆಳೆದು ಸ್ವತಂತ್ರವಾದವು ಸರಾಸರಿ 0.2 ಮಾತ್ರ, ದಟ್ಟಣೆ ಕಡಿಮೆ ಇದ್ದ ಕಡೆ 2.3. ಒಬ್ಬರೂ ಗುಂಡು ಹಾರಿಸಿರಲಿಲ್ಲ. ವಾಹನದಲ್ಲಿದ್ದವರಲ್ಲಿ ಬಹುಪಾಲು ಮಂದಿ ಪ್ರಾಣಿಗಳನ್ನು ಪ್ರೀತಿಸುವವರೇ ಆಗಿದ್ದರು. ಇಲ್ಲದಿದ್ದರೆ ಅಷ್ಟು ಖರ್ಚು ಮಾಡಿ ಅಲ್ಲಿಗೆ ಹೋಗುತ್ತಿರಲಿಲ್ಲ. ಆ ಎರಡು ಅಂಕಿಗಳ ನಡುವಿನ ಅಂತರ ತತ್ತ್ವಜ್ಞಾನದ ಪ್ರಶ್ನೆಯನ್ನು ಗಟ್ಟಿ ನೆಲದ ಮೇಲೆ ತಂದು ನಿಲ್ಲಿಸುತ್ತದೆ: ಕೊಲ್ಲುವ ಉದ್ದೇಶವಿಲ್ಲದ, ಕೈಯಲ್ಲಿ ಆಯುಧವಿಲ್ಲದ, ಒಬ್ಬೊಬ್ಬರ ಲೆಕ್ಕದಲ್ಲಿ ಅತ್ಯಲ್ಪವೆನಿಸುವ ನೋಟಗಳೆಲ್ಲ ಸೇರಿ ಒಂದು ಸೂಲಿನ ಮರಿಗಳು ಇಲ್ಲವಾದರೆ, ಆ ಹಿಂಸೆಯ ಕರ್ತೃ ಯಾರು?

ಇದಕ್ಕೆ ಅತ್ಯಂತ ನಿಖರವಾದ ಉತ್ತರವನ್ನು ಕೊಡಬಲ್ಲದ್ದು ಜೈನ ದರ್ಶನ. ಬೀದರ್ ಸಮೀಪದ ಕಮಠಾಣದ ಪಾರ್ಶ್ವನಾಥ ಬಸದಿ ಈ ಸೀಮೆಯಲ್ಲಿ ಆ ಧರ್ಮದ ಹಳೆಯ ನೆಲೆಗೆ ಸಾಕ್ಷಿ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಹಿಂಸೆಯನ್ನು ಸಾವಿನಿಂದ ಅಳೆಯುವುದಿಲ್ಲ. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣಗಳಿಗೆ ಆಗುವ ಘಾಸಿಯಿಂದ ಅಳೆಯುತ್ತದೆ. ಪ್ರಾಣವೂ ಅಲ್ಲಿ ಒಂದಲ್ಲ, ಹತ್ತು: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಉಸಿರಾಟ ಮತ್ತು ಆಯುಷ್ಯ. ಈ ಪಟ್ಟಿಯನ್ನು ಮಾರಾದ ಚೀತಾಗೆ ಅನ್ವಯಿಸಿದರೆ, ಕೊನೆಯದಾದ ಆಯುಷ್ಯಕ್ಕೆ ಕೈಹಾಕುವ ಮೊದಲೇ ಎಷ್ಟನ್ನು ಕಸಿದುಕೊಳ್ಳಬಹುದು ಎಂಬುದು ಕಾಣುತ್ತದೆ. ಬೇಟೆಯ ಓಟವನ್ನು ಕೆಡಿಸಿದಾಗ ಹೋಗುವುದು ಕಾಯಬಲ. ಮರಿಗಳನ್ನು ಕರೆಯುವ ದನಿ ಅಡಗಿಸಿದಾಗ ಹೋಗುವುದು ವಚನಬಲ. ರಾತ್ರಿ ಸಂಚರಿಸುವ ಪ್ರಾಣಿಯ ಕಣ್ಣಿಗೆ ಪ್ರಖರ ಬೆಳಕು ಹಾಯಿಸಿದಾಗ ಹೋಗುವುದು, ಸ್ವಲ್ಪ ಹೊತ್ತಿಗಾದರೂ, ಚಕ್ಷು. ಆಧುನಿಕ ಪ್ರಾಣಿಶಾಸ್ತ್ರ ಒತ್ತಡ, ಶಕ್ತಿವ್ಯಯ ಎಂದು ಬಿಡಿಬಿಡಿಯಾಗಿ ಹೇಳುವುದನ್ನು ಈ ದರ್ಶನ ಒಂದೇ ಚೌಕಟ್ಟಿನಲ್ಲಿ ಹಿಡಿದಿತ್ತು.

ಅದೇ ಸೂತ್ರಗ್ರಂಥ ಹಿಂಸೆಗೆ 108 ಬಗೆಗಳನ್ನು ಎಣಿಸುತ್ತದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳು: ಮಾಡಬೇಕೆಂಬ ಸಂಕಲ್ಪ, ಅದಕ್ಕೆ ಬೇಕಾದ ಸಿದ್ಧತೆ, ಮಾಡತೊಡಗುವುದು. ಮನಸ್ಸು, ಮಾತು, ಮೈ ಎಂಬ ಮೂರು ದಾರಿಗಳು. ಕೃತ, ಕಾರಿತ, ಅನುಮತ ಎಂಬ ಮೂರು ಹೊಣೆಗಳು: ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳು. ಇವನ್ನು ಒಂದಕ್ಕೊಂದು ಗುಣಿಸಿದರೆ 108.

ಸಫಾರಿಯ ಜೀಪಿನಲ್ಲಿ ಇವೆಲ್ಲಕ್ಕೂ ಉದಾಹರಣೆ ಸಿಗುತ್ತದೆ. ಚಾಲಕ ದಾರಿ ಬಿಟ್ಟು ಹುಲ್ಲಿನೊಳಗೆ ವಾಹನ ನುಗ್ಗಿಸಿದರೆ ಅದು ಅವನ ಕೃತ. ಇನ್ನೂ ಸ್ವಲ್ಪ ಹತ್ತಿರ ಹೋದರೆ ಕೈತುಂಬ ಭಕ್ಷೀಸು ಎಂದು ಹಿಂದಿನಿಂದ ಹೇಳಿದವರದು ಕಾರಿತ. ಮನೆಯಲ್ಲಿ ಕೂತು, ಮೊಬೈಲಿನಲ್ಲಿ ಆ ಚಿತ್ರ ಕಂಡು, ಅದು ಹೇಗೆ ದಕ್ಕಿತೆಂದು ಕೇಳದೆ ಮೆಚ್ಚುಗೆ ಒತ್ತಿದವರದು ಅನುಮತ. ಕರ್ತೃ ಯಾರು ಎಂಬ ಪ್ರಶ್ನೆಗೆ ಇಲ್ಲಿ ಸಿಗುವ ಉತ್ತರ ಕಟುವಾದದ್ದು, ಆದರೆ ನ್ಯಾಯವಾದದ್ದು: ಹೊಣೆ ಹಂಚಿಹೋದರೆ ಕರಗುವುದಿಲ್ಲ, ಪ್ರತಿಯೊಬ್ಬರ ಪಾಲಿಗೂ ಅದು ಉಳಿಯುತ್ತದೆ. ಬಡ ಚಾಲಕನ ಮೇಲೆ ಮಾತ್ರ ತಪ್ಪು ಹೊರಿಸಿ ಕೈತೊಳೆದುಕೊಳ್ಳುವ ಪ್ರವಾಸೋದ್ಯಮದ ಅಭ್ಯಾಸವನ್ನು ಈ ವಿಶ್ಲೇಷಣೆ ಒಪ್ಪುವುದಿಲ್ಲ.

ಕಷಾಯಗಳ ವಿಚಾರ ಇನ್ನೂ ಆಳವಾದದ್ದು. ನೂರು ಚಿತ್ರ ಸಿಕ್ಕ ಮೇಲೆಯೂ ನೂರ ಒಂದನೆಯದಕ್ಕೆ ಕಾಯಿಸುವುದು ಲೋಭ. ಇನ್ನೊಬ್ಬರಿಗೆ ದಕ್ಕದ ಕೋನ ತನಗೆ ದಕ್ಕಬೇಕೆಂಬ ಹಟ ಮಾನ. ಇಡೀ ದಿನ ಕಾದರೂ ಪ್ರಾಣಿ ಕಾಣದೆ ಹೋದಾಗ ಮಾರ್ಗದರ್ಶಿಯ ಮೇಲೆ ಹರಿಹಾಯುವುದು ಕ್ರೋಧ. ಮಾಯೆ, ಅಂದರೆ ಕಪಟ, ಈ ಕಲೆಗೆ ಅಂಟಿದ ವಿಶೇಷ ರೋಗ. ಲಂಡನ್ನಿನ ಪ್ರಸಿದ್ಧ ‘ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್’ ಸ್ಪರ್ಧೆಯ 2009ರ ಮೊದಲ ಬಹುಮಾನ, ಗೇಟು ಹಾರುವ ತೋಳದ ಚಿತ್ರಕ್ಕೆ ಸಂದಿತ್ತು. ಅದು ಸಾಕಿದ ತೋಳವಾಗಿರುವ ಸಾಧ್ಯತೆಯೇ ಹೆಚ್ಚೆಂದು ತೀರ್ಪುಗಾರರಿಗೆ ಮನವರಿಕೆಯಾಗಿ 2010ರ ಜನವರಿಯಲ್ಲಿ ಪ್ರಶಸ್ತಿ ಹಿಂತೆಗೆಯಲಾಯಿತು. ಅದೇ ಸ್ಪರ್ಧೆಯ 2017ರ ಬಹುಮಾನಿತ ಚಿತ್ರವೊಂದರಲ್ಲಿ ಗೆದ್ದಲ ಹುತ್ತದ ಬಳಿ ನಿಂತಿದ್ದ ಇರುವೆಭಕ್ಷಕ, ಸತ್ತ ಪ್ರಾಣಿಗೆ ಹೊಟ್ಟು ತುಂಬಿ ನಿಲ್ಲಿಸಿದ ಗೊಂಬೆಯೆಂದು ಮರುವರ್ಷ ತೀರ್ಮಾನವಾಯಿತು. ಆ ಗೊಂಬೆಗೆ ಹೊಸದಾಗಿ ನೋವಾಗಲಿಲ್ಲ ಎಂದು ವಾದಿಸಬಹುದು. ಆದರೂ ಜೈನ ಲೆಕ್ಕದಲ್ಲಿ ಮಾಯೆ ತನ್ನಷ್ಟಕ್ಕೇ ದೋಷ, ಅದು ಮಾಡುವವನ ಆತ್ಮಕ್ಕೆ ಅಂಟುತ್ತದೆ. ಜೊತೆಗೆ ನೋಡುವವರು ನಿಜವಾದ ಕಾಡಿನಿಂದ ಸಲ್ಲದ್ದನ್ನು ನಿರೀಕ್ಷಿಸುವಂತೆ ಮಾಡುತ್ತದೆ.

ಔರಾದ ತಾಲ್ಲೂಕಿನ ಬಯಲಿಗೆ ಬಂದರೆ ಪ್ರಶ್ನೆ ಮತ್ತೊಂದು ತಿರುವು ಪಡೆಯುತ್ತದೆ. ಇಲ್ಲಿ ಸಿಂಹವಿಲ್ಲ, ಸಫಾರಿಯ ಟಿಕೆಟ್ಟಿಲ್ಲ. ಇಲ್ಲಿರುವುದು ಉತ್ತರ ಕರ್ನಾಟಕದವರು ಚಿಗರಿ ಎಂದು ಕರೆಯುವ ಕೃಷ್ಣಮೃಗ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಿಂದ ಅದಕ್ಕೊಂದು ಅಭಯಾರಣ್ಯವಿದೆ. ಬೀದರ್, ಭಾಲ್ಕಿ, ಔರಾದ ಕಡೆಯ ಚಿಗರಿಗಳು ಬಹುಮಟ್ಟಿಗೆ ಹೊಲ, ಬೀಳು, ಹುಲ್ಲುಗಾವಲುಗಳಲ್ಲೇ ಬದುಕುತ್ತವೆ. ಅವು ಮೇಯುವುದು ರೈತ ಬಿತ್ತಿದ ಹೆಸರು, ಉದ್ದು, ಸೋಯಾ, ತೊಗರಿ, ಜೋಳವನ್ನು. ಮೊಳಕೆಯೊಡೆದ ಹೊಲಕ್ಕೆ ಹಿಂಡು ಇಳಿದರೆ ರೈತ ಕೂಗುತ್ತಾನೆ, ಕಲ್ಲು ಬೀರುತ್ತಾನೆ, ನಾಯಿ ಬಿಡುತ್ತಾನೆ. ಅದೇ ಹಿಂಡನ್ನು ಬೆಳಗಿನ ಓರೆ ಬಿಸಿಲಿನಲ್ಲಿ ಹಿಡಿಯಲು ನಗರದಿಂದ ಉದ್ದ ಮಸೂರದ ಕ್ಯಾಮೆರಾಗಳೊಂದಿಗೆ ಬಂದವರು ಬೈಕನ್ನೋ ಜೀಪನ್ನೋ ಹೊಲದ ಬದುವಿಗೆ ಇಳಿಸುತ್ತಾರೆ. ಎರಡು ಸಲವೂ ಚಿಗರಿ ಓಡುತ್ತದೆ. ಚಿಗರಿಯ ಕಡೆಯಿಂದ ಎರಡೂ ಒಂದೇ ಭಯ. ಧರ್ಮದ ಕಡೆಯಿಂದ ಎರಡೂ ಒಂದೇ ಅಲ್ಲ.

ಗೃಹಸ್ಥರಿಗಾಗಿ ಜೈನ ಆಚಾರಶಾಸ್ತ್ರ ಹಿಂಸೆಯನ್ನು ಮತ್ತೊಂದು ರೀತಿಯಲ್ಲಿ ನಾಲ್ಕಾಗಿ ಒಡೆಯುತ್ತದೆ. ಅಡುಗೆ, ಗುಡಿಸುವಿಕೆಯಂಥ ಮನೆಗೆಲಸದಲ್ಲಿ ಆಗುವುದು ಆರಂಭಿ. ಬೇಸಾಯ, ವ್ಯಾಪಾರದಂಥ ಜೀವನೋಪಾಯದಲ್ಲಿ ಆಗುವುದು ಉದ್ಯೋಗಿ. ತನ್ನನ್ನೋ ತನ್ನದನ್ನೋ ಕಾಪಾಡಿಕೊಳ್ಳುವಾಗ ಆಗುವುದು ವಿರೋಧಿ. ಬೇಕೆಂದೇ ಮಾಡುವುದು ಸಂಕಲ್ಪಿ. ಮೊದಲ ಮೂರನ್ನು ಗೃಹಸ್ಥ ಕಡಿಮೆ ಮಾಡಿಕೊಳ್ಳಬೇಕು, ಪೂರ್ತಿ ಬಿಡಲಾರ. ನಾಲ್ಕನೆಯದನ್ನು ಮಾತ್ರ ಪೂರ್ತಿ ಬಿಡಲೇಬೇಕು. ಬೆಳೆ ಉಳಿಸಿಕೊಳ್ಳಲು ಚಿಗರಿಯನ್ನು ಬೆದರಿಸುವ ರೈತ ವಿರೋಧಿ ಹಿಂಸೆಯ ವ್ಯಾಪ್ತಿಗೆ ಬರುತ್ತಾನೆ. ಚಿತ್ರಕ್ಕಾಗಿ ಅಟ್ಟುವವನಿಗೆ ಆ ರಕ್ಷಣೆ ಇಲ್ಲ. ಅವನ ಹೊಟ್ಟೆಪಾಡು ಅಪಾಯದಲ್ಲಿಲ್ಲ, ಪ್ರಾಣಿ ಅವನ ಮೇಲೆ ಬಂದಿಲ್ಲ. ಓಡಲಿ ಎಂದೇ ಓಡಿಸಿದ್ದಾನೆ. ಸಾಮಾನ್ಯವಾಗಿ ಸಂರಕ್ಷಣೆಯ ಬರಹಗಳಲ್ಲಿ ರೈತ ಖಳನಾಗಿ, ಛಾಯಾಗ್ರಾಹಕ ಪ್ರಾಣಿಪ್ರಿಯನಾಗಿ ಕಾಣಿಸಿಕೊಳ್ಳುತ್ತಾರೆ. ಈ ಅಳತೆಗೋಲು ಆ ಕ್ರಮವನ್ನು ತಿರುವಿ ಹಾಕುತ್ತದೆ. ಅದು ಸರಿಯಾದ ತಿರುವು.

ಅಟ್ಟುವಿಕೆಗೆ ಒಂದು ವಿಶೇಷ ಪ್ರಲೋಭನೆಯೂ ಇದೆ. ಗಾಬರಿಗೊಂಡ ಚಿಗರಿ ಹಿಂಡು ಓಡುವಾಗ ಒಂದೊಂದೂ ನೆಲದಿಂದ ಮೇಲಕ್ಕೆ ಚಿಮ್ಮುತ್ತದೆ. ನಾಲ್ಕೂ ಕಾಲು ಗಾಳಿಯಲ್ಲಿ, ಸುರುಳಿ ಕೊಂಬು ಹಿಂದಕ್ಕೆ ಬಾಗಿದ ಆ ಕ್ಷಣ ಚಿತ್ರದಲ್ಲಿ ಆನಂದದ ನೆಗೆತದಂತೆ ಕಾಣುತ್ತದೆ, ಕ್ಯಾಲೆಂಡರುಗಳಲ್ಲಿ ಅಚ್ಚಾಗುತ್ತದೆ. ಅದು ಅಪಾಯ ಕಂಡ ಪ್ರಾಣಿಯ ಪ್ರತಿಕ್ರಿಯೆ. ಆ ಚಿತ್ರವೇ ಬೇಕೆಂದವರು ಆ ಅಪಾಯವನ್ನು ತಾವೇ ಉಂಟುಮಾಡುವ ಸಾಧ್ಯತೆ ಹೆಚ್ಚು. ಪರಿಣಾಮ ಅಲ್ಲಿಗೇ ಮುಗಿಯುವುದೂ ಇಲ್ಲ. ಬೆನ್ನಟ್ಟಿಸಿಕೊಂಡು ಮಿತಿಮೀರಿ ಓಡಿದ ಜಿಂಕೆ ಜಾತಿಯ ಪ್ರಾಣಿಗಳಲ್ಲಿ ಸ್ನಾಯುಗಳು ಒಳಗೊಳಗೇ ಹಾಳಾಗಿ, ಗಂಟೆಗಳ ಅಥವಾ ದಿನಗಳ ನಂತರ ಪ್ರಾಣ ಹೋಗುವುದುಂಟು. ಪಶುವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ವಿಚಾರ. ಅಟ್ಟಿದವರು ಅಷ್ಟರಲ್ಲಿ ಊರು ಸೇರಿರುತ್ತಾರೆ. ತಮ್ಮ ಚಿತ್ರದ ಪ್ರಾಣಿ ಬೀಳಿನಲ್ಲಿ ಸತ್ತು ಬಿದ್ದದ್ದು ಅವರ ಅರಿವಿಗೆ ಬರುವುದೇ ಇಲ್ಲ. ಪ್ರಮಾದ ಎಂಬ ಜೈನ ಪರಿಕಲ್ಪನೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕಷ್ಟ.

ಮೂರನೆಯ ಸೋಮೇಶ್ವರ ಬೇಟೆಯ ಸೊಬಗನ್ನು ಬರೆದ ಕೆಲವು ದಶಕಗಳಲ್ಲಿಯೇ, ಅದೇ ಕಲ್ಯಾಣದಲ್ಲಿ, ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರೂ ಶರಣರೂ ಬೇರೊಂದು ದೃಷ್ಟಿಯನ್ನು ಮುಂದಿಟ್ಟರು. ದಯೆಯಿಲ್ಲದ ಧರ್ಮವನ್ನು ಅವರು ಧರ್ಮವೆಂದೇ ಎಣಿಸಲಿಲ್ಲ. ಬಲಿಗೆ ತಂದ ಪ್ರಾಣಿಯ ಪರವಾಗಿ ಮಾತಾಡಿದರು. ಅರಸನ ವಿನೋದವನ್ನು ಕೇಂದ್ರವಾಗಿಟ್ಟ ಗ್ರಂಥ ಮತ್ತು ದುಡಿಯುವವರ ಅನುಭವವನ್ನು ಕೇಂದ್ರವಾಗಿಟ್ಟ ವಚನ ಚಳವಳಿ ಒಂದೇ ಊರಲ್ಲಿ, ಹೆಚ್ಚುಕಡಿಮೆ ಒಂದೇ ತಲೆಮಾರಿನಲ್ಲಿ ಹುಟ್ಟಿದ್ದು ಕನ್ನಡ ಚಿಂತನೆಯ ಚರಿತ್ರೆಯಲ್ಲಿ ಇನ್ನೂ ಸಾಕಷ್ಟು ಚರ್ಚೆಯಾಗದ ಸಂಗತಿ.

ಶರಣರಿಂದ ಈ ಪ್ರಶ್ನೆಗೆ ಸಿಗುವ ಮುಖ್ಯ ಕೊಡುಗೆ ‘ಸಾಕು’ ಎಂಬುದರ ವಿಚಾರ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ ಅವನ ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಕ್ಕೆ ಸೇರಿಸಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬರಲು ಹೇಳಿದಳು. ಆ ಅಕ್ಕಿ ಕದ್ದದ್ದಲ್ಲ, ಯಾರಿಗೂ ಬೇಡವಾಗಿ ನೆಲಕ್ಕೆ ಬಿದ್ದದ್ದು. ಆದರೂ ಬೇಕಾದದ್ದಕ್ಕಿಂತ ಹೆಚ್ಚೆಂಬ ಒಂದೇ ಕಾರಣಕ್ಕೆ ಅದು ಸಲ್ಲದ್ದಾಯಿತು. ಚಿತ್ರ ತೆಗೆದರೆ ಪ್ರಾಣಿಯದು ಏನೂ ಕಡಿಮೆಯಾಗುವುದಿಲ್ಲ, ಬೆಳಕು ಎಲ್ಲರಿಗೂ ಸೇರಿದ್ದು ಎಂಬ ವಾದಕ್ಕೆ ಲಕ್ಕಮ್ಮನ ಬಳಿ ಉತ್ತರವಿದೆ. ಡಿಜಿಟಲ್ ಕ್ಯಾಮೆರಾ ಸೆಕೆಂಡಿಗೆ ಇಪ್ಪತ್ತು ಮೂವತ್ತು ಚಿತ್ರ ತೆಗೆಯಬಲ್ಲದು, ಒಂದೊಂದಕ್ಕೂ ಖರ್ಚಿಲ್ಲ. ಖರ್ಚಾಗುವುದು ಪ್ರಾಣಿಯ ಹೊತ್ತು. ಬೇಟೆ ಬಿಟ್ಟುಹೋದ ಚೀತಾ, ಗೂಡಿಗೆ ಮರಳಲಾಗದ ಹಕ್ಕಿ, ಮರಿಗೆ ಹಾಲೂಡಿಸದೆ ದೂರ ನಿಂತ ಚಿಗರಿ, ಇವು ಕಳೆದುಕೊಂಡ ಹೊತ್ತು ಅವುಗಳ ಆಹಾರ ಮತ್ತು ಮರಿಗಳಾಗಿತ್ತು. ತಮಗೆ ಬೇಕಾದ ಚಿತ್ರ ಸಿಕ್ಕ ಮೇಲೆ ಎದ್ದು ಹೋಗುವುದು ಲಕ್ಕಮ್ಮನ ಕಾಯಕಧರ್ಮಕ್ಕೆ ಹತ್ತಿರವಾದ ನಡೆ.

ಕಾಯಕದ ಜೊತೆಗೆ ಶರಣರು ಇಟ್ಟ ಮತ್ತೊಂದು ಮಾತು ದಾಸೋಹ: ದುಡಿದದ್ದರಲ್ಲಿ ಸಮಾಜದ ಪಾಲನ್ನು ಸಮಾಜಕ್ಕೆ ಸಲ್ಲಿಸುವುದು. ವನ್ಯಜೀವಿ ಚಿತ್ರಗಳಿಂದ ಹಣವೂ ಹೆಸರೂ ಬರುತ್ತವೆ. ಆ ಪ್ರಾಣಿಯನ್ನು ಸಾಕಿದವರು ಯಾರು? ಮಾರಾದ ಸುತ್ತ ಅದು ಮಸಾಯಿ ದನಗಾಹಿಗಳು, ಔರಾದದಲ್ಲಿ ತೊಗರಿ ಬಿತ್ತಿದ ರೈತರು. ಮಾರಾದ ಅಂಚಿನಲ್ಲಿ ನಬೊಯ್ಶೊ, ಓಲ್ ಕಿನ್ಯೇಯಿ ಮೊದಲಾದ ಖಾಸಗಿ ಸಂರಕ್ಷಿತ ಪ್ರದೇಶಗಳಲ್ಲಿ ಮಸಾಯಿ ಭೂಮಾಲೀಕರು ತಮ್ಮ ನೆಲವನ್ನು ಗೇಣಿಗೆ ಕೊಟ್ಟು ಹಣ ಪಡೆಯುತ್ತಾರೆ. ಪ್ರತಿಯಾಗಿ ಅಲ್ಲಿ ವಾಹನಗಳ ಸಂಖ್ಯೆಗೆ ಮಿತಿ ಇರುತ್ತದೆ. ಪ್ರವಾಸಿಗರ ದಟ್ಟಣೆ ಕಡಿಮೆಯಿರುವುದೂ ಇಂಥ ಕಡೆಯೇ. ನೆಲದವರಿಗೆ ಸಲ್ಲಬೇಕಾದದ್ದು ಸಂದಲ್ಲಿ ಪ್ರಾಣಿಗೂ ಒಳ್ಳೆಯದಾಯಿತು ಎಂಬುದು ದಾಸೋಹದ ತತ್ತ್ವಕ್ಕೆ ಆಫ್ರಿಕಾದಿಂದ ಸಿಗುವ ಸಮರ್ಥನೆ. ಬೀದರಿನ ಚಿಗರಿಗಳಿಗೆ ಇನ್ನೂ ಅಂಥ ವ್ಯವಸ್ಥೆ ಬೇಕಾಗಿದೆ.

ಕಾಡಂಚಿನ ಜನ ಸಫಾರಿಯನ್ನು ಹೇಗೆ ಕಾಣುತ್ತಾರೆ ಎಂಬುದು ಕರ್ನಾಟಕದ ದಕ್ಷಿಣದಲ್ಲಿ ಇತ್ತೀಚೆಗೆ ಬಹಿರಂಗವಾಯಿತು. ಹುಲಿ ದಾಳಿಯಲ್ಲಿ ರೈತರು ಸತ್ತ ಬಳಿಕ, 2025ರ ನವೆಂಬರಿನಲ್ಲಿ, ಭಾಲ್ಕಿಯ ಶಾಸಕರೂ ಅರಣ್ಯ ಸಚಿವರೂ ಆದ ಈಶ್ವರ ಖಂಡ್ರೆ ಅವರು ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿ ನಿಲ್ಲಿಸಲು ಆದೇಶಿಸಿದರು. ವಾಹನಗಳ ಗದ್ದಲದಿಂದಲೇ ಹುಲಿಗಳು ಹೊರಬರುತ್ತಿವೆ ಎಂಬುದು ರೈತರ ದೂರಾಗಿತ್ತು. ಆ ದೂರಿನ ವೈಜ್ಞಾನಿಕ ಸತ್ಯ ಏನೇ ಇರಲಿ, ಅದರೊಳಗಿನ ನೈತಿಕ ಪ್ರಶ್ನೆ ಗಟ್ಟಿಯಾದದ್ದು: ಹುಲಿಯ ಚಿತ್ರ ಒಬ್ಬರಿಗೆ, ಹುಲಿಯ ಭಯ ಇನ್ನೊಬ್ಬರಿಗೆ ಎಂಬ ಹಂಚಿಕೆ ನ್ಯಾಯವೇ?

ಇತರ ಧರ್ಮಗಳೂ ಇಲ್ಲಿ ಮೌನವಾಗಿಲ್ಲ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸು ಶಿಕ್ಷೆಗೆ ಗುರಿಯಾದದ್ದನ್ನೂ ಬಾಯಾರಿದ ನಾಯಿಗೆ ನೀರೆರೆದ ವ್ಯಕ್ತಿಗೆ ಕ್ಷಮೆ ದೊರೆತದ್ದನ್ನೂ ಪ್ರವಾದಿಯವರ ಹದೀಸುಗಳು ಹೇಳುತ್ತವೆ. ಪ್ರಾಣಿಯ ಮೇಲಿನ ನಡತೆ ಅಲ್ಲಿ ದೇವರೆದುರಿನ ಲೆಕ್ಕಕ್ಕೆ ಸೇರಿದೆ. ಕ್ರೈಸ್ತ ಚಿಂತಕ ಆಲ್ಬರ್ಟ್ ಶ್ವೈಟ್ಸರ್ ವೈದ್ಯರಾಗಿ ಗಬಾನಿನಲ್ಲಿದ್ದಾಗ, 1915ರ ಸೆಪ್ಟೆಂಬರಿನಲ್ಲಿ ಓಗೋವೆ ನದಿಯಲ್ಲಿ ದೋಣಿಯಲ್ಲಿ ಸಾಗುತ್ತಿದ್ದರು. ಸೂರ್ಯ ಇಳಿಯುವ ಹೊತ್ತಿಗೆ ನೀರಾನೆಗಳ ಹಿಂಡಿನ ನಡುವೆ ದೋಣಿ ಹಾಯುತ್ತಿದ್ದಾಗ, ‘ಜೀವದ ಬಗ್ಗೆ ಪೂಜ್ಯಭಾವ’ ಎಂಬ ವಿಚಾರ ಅವರಿಗೆ ಹೊಳೆಯಿತು. ಅವರ ಇಡೀ ನೀತಿಶಾಸ್ತ್ರ ನಿಂತದ್ದು ಆ ಒಂದು ವಿಚಾರದ ಮೇಲೆ. ಆಫ್ರಿಕಾದ ವನ್ಯಜೀವಿಗಳ ನಡುವೆ ಮನುಷ್ಯನೊಬ್ಬ ಪಡೆದ ಅತಿ ದೊಡ್ಡ ಲಾಭಗಳಲ್ಲಿ ಅದೂ ಒಂದು, ಮತ್ತು ಅದಕ್ಕೆ ಚಿತ್ರ ಬೇಕಾಗಿರಲಿಲ್ಲ.

ಬೀದರಿನ ನರಸಿಂಹ ಝರಣಿಯಲ್ಲಿ ಸಿಂಹಮುಖದ ದೇವರನ್ನು ಕಾಣಲು ಭಕ್ತರು ಗುಹೆಯೊಳಗಿನ ಎದೆಮಟ್ಟದ ನೀರಿನಲ್ಲಿ ನಡೆದು ಹೋಗುತ್ತಾರೆ. ಅಲ್ಲಿ ಕಷ್ಟಪಡುವವನು ನೋಡುವವನು. ನೋಡಿಸಿಕೊಳ್ಳುವ ದೇವರು ತನ್ನ ಸ್ಥಾನ ಬಿಟ್ಟು ಕದಲುವುದಿಲ್ಲ. ಕ್ಯಾಮೆರಾದ ನೈತಿಕತೆಗೆ ಇದಕ್ಕಿಂತ ಸರಳವಾದ ಸೂತ್ರ ಸಿಗಲಾರದು: ನೋಡುವ ಶ್ರಮವೆಲ್ಲ ನೋಡುವವನದಾಗಿರಬೇಕು, ಪ್ರಾಣಿ ತಾನಿದ್ದಂತೆ ಇರಬೇಕು. ಕರ್ನಾಟಕದ ಹಿರಿಯ ವನ್ಯಜೀವಿ ಛಾಯಾಗ್ರಾಹಕರ ಪರಂಪರೆ ಈ ಶ್ರಮವನ್ನು ಬಲ್ಲದು. ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್ ಮತ್ತು ಟಿ. ಎನ್. ಎ. ಪೆರುಮಾಳ್ ಅವರ ಕಾಲದಲ್ಲಿ ಫಿಲ್ಮು ದುಬಾರಿ, ಕಾಯುವಿಕೆಯೇ ಮುಖ್ಯ ಸಾಧನ. ಕೃಪಾಕರ–ಸೇನಾನಿ ಬಂಡೀಪುರದ ಸೀಳುನಾಯಿಗಳ ಹಿಂಡಿನ ಹಿಂದೆ ವರ್ಷಗಟ್ಟಲೆ ಕಳೆದು ಮಾಡಿದ ಚಿತ್ರಕ್ಕೆ 2010ರಲ್ಲಿ ‘ಗ್ರೀನ್ ಆಸ್ಕರ್’ ಎನ್ನಿಸಿಕೊಳ್ಳುವ ಪ್ರಶಸ್ತಿ ಬಂತು. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹೂಡಿದ ಕ್ಯಾಮೆರಾಗಳು, ಮನುಷ್ಯರ ಸುಳಿವಿಲ್ಲದಲ್ಲಿ ಹುಲಿಗಳ ಚಿತ್ರ ತೆಗೆದು ಪಟ್ಟೆಗಳ ಗುರುತಿನಿಂದ ಎಣಿಕೆಗೆ ದಾರಿ ಮಾಡಿದವು.

ಚಿತ್ರಗಳಿಂದಲೇ ಕಾಡು ಉಳಿದಿದೆ, ಆದ್ದರಿಂದ ಸ್ವಲ್ಪ ಕಿರುಕುಳವನ್ನು ಸಹಿಸಬೇಕು ಎಂಬ ಆಕ್ಷೇಪವನ್ನೂ ಪರಿಶೀಲಿಸಬೇಕು. ಅದರ ಮೊದಲ ಅರ್ಧ ನಿಜ. ಸೀಳುನಾಯಿಯನ್ನು ಕ್ರೂರಿಯೆಂದು ಕೊಲ್ಲುತ್ತಿದ್ದ ಕಾಲ ಕಳೆದು, ಅದನ್ನು ಸಂಸಾರವಂದಿಗ ಪ್ರಾಣಿಯಾಗಿ ಜನ ಕಂಡದ್ದರಲ್ಲಿ ಚಿತ್ರಗಳ ಪಾತ್ರ ದೊಡ್ಡದು. ಸಫಾರಿಯ ಹಣವಿಲ್ಲದೆ ಮಾರಾದ ಎಷ್ಟೋ ಹುಲ್ಲುಗಾವಲು ಗೋಧಿ ಹೊಲವಾಗುತ್ತಿತ್ತು. ಎರಡನೆಯ ಅರ್ಧ ಮಾತ್ರ ಮೊದಲನೆಯದರಿಂದ ಹೊರಡುವುದಿಲ್ಲ. ಕಾಡನ್ನು ಉಳಿಸಿದ ಚಿತ್ರಗಳಿಗೆ ಅಟ್ಟುವಿಕೆ ಅಗತ್ಯವಾಗಿರಲಿಲ್ಲ. ಅಟ್ಟಿ ತೆಗೆದ ಚಿತ್ರಗಳಿಂದ ಕಾಡಿಗೆ ವಿಶೇಷ ಉಪಕಾರವಾದ ನಿದರ್ಶನವೂ ಇಲ್ಲ. ಒಂದು ಪ್ರಾಣಿಗೆ ಮಾಡಿದ ಹಿಂಸೆಯನ್ನು ಅದರ ಜಾತಿಗೆ ಆದ ಒಳಿತಿನಲ್ಲಿ ವಜಾ ಮಾಡುವ ಲೆಕ್ಕವನ್ನು ಜೈನರಾಗಲಿ ಶರಣರಾಗಲಿ ಒಪ್ಪಿದವರಲ್ಲ. ಛಾಯಾಗ್ರಹಣ ಧರ್ಮ್ಯವೇ ಎಂಬ ಪ್ರಶ್ನೆಗೆ ಹೀಗೆ ಒಂದು ತೀರ್ಪು ದೊರೆಯುತ್ತದೆ: ಪ್ರಾಣಿ ತಾನು ಮಾಡುತ್ತಿದ್ದುದನ್ನು ಬಿಡದಿದ್ದರೆ, ಚಿತ್ರ ದಕ್ಕಿದ ಬಗೆಯನ್ನು ಮುಚ್ಚಿಡದಿದ್ದರೆ, ನೆಲದವರ ಪಾಲು ಅವರಿಗೆ ಸಂದರೆ ಅದು ನಿರ್ದೋಷ. ಮೂರರಲ್ಲಿ ಮೊದಲನೆಯದು ತಪ್ಪಿದರೆ ಉಳಿದೆರಡು ಅದನ್ನು ಸರಿದೂಗಿಸಲಾರವು.

ಕಾನೂನು ಈ ತೀರ್ಪಿನಿಂದ ಬಹಳ ದೂರದಲ್ಲಿಲ್ಲ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಛಾಯಾಗ್ರಹಣಕ್ಕೆ ಅನುಮತಿ ಸಿಗುವುದು ನೆಲೆಗೂ ವನ್ಯಜೀವಿಗೂ ಕೆಡುಕಾಗದ ಷರತ್ತಿನ ಮೇಲೆ. ಔರಾದದ ಹೊಲಗಳು ಅಭಯಾರಣ್ಯವಲ್ಲ, ಆ ಅನುಮತಿಯ ಮಾತು ಅಲ್ಲಿ ಬರುವುದಿಲ್ಲ. ಚಿಗರಿಯ ಚಿತ್ರಕ್ಕಾಗಿ ಅಲ್ಲಿಗೆ ಬರುವವರು ಮೊದಲು ಹೊಲದ ಒಡೆಯನ ಅಪ್ಪಣೆ ಕೇಳಲಿ, ವಾಹನವನ್ನು ರಸ್ತೆಯಲ್ಲೇ ಬಿಡಲಿ, ಬದುವಿನ ಮರೆಯಲ್ಲಿ ಕೂತು ಕಾಯಲಿ. ಅನುಮತಿಯ ಮಾತು ಅಲ್ಲಿ ಬರದಿದ್ದರೂ, ಅದೇ ಕಾಯ್ದೆಯ ಎರಡನೆಯ ಸೆಕ್ಷನ್ ದೇಶದ ಎಲ್ಲ ನೆಲಕ್ಕೂ ಅನ್ವಯಿಸುತ್ತದೆ. ಅದರಲ್ಲಿ ಬೇಟೆ ಎಂದರೆ ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲ. ಬೆನ್ನಟ್ಟುವುದು, ಓಡಿಸುವುದು, ಆಮಿಷ ಒಡ್ಡುವುದು, ಇವುಗಳಿಗೆ ಯತ್ನಿಸುವುದೂ ಬೇಟೆಯೇ. ಕೃಷ್ಣಮೃಗ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಬೇಟೆಯಾಡಿದ ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಸೆರೆಮನೆ ಮತ್ತು 25,000 ರೂಪಾಯಿಗೆ ಕಡಿಮೆಯಲ್ಲದ ದಂಡ.